ಒಂದಕ್ಷರವನ್ನೂ ಬಿಡದೆ ಓದಿದವಳು

ತೊಂಬತ್ತರ ದಶಕದ ನಡುವಿನ ಮಾತು. ಸಿಂಧನೂರಿನ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ‘ಮೌನವಾಗಿರಿ’ ಎಂದು ನಾನೇ ಬರೆಸಿ ತೂಗುಹಾಕಿದ್ದ ಫಲಕದ ಕೆಳಗಿನ ಮೇಜಿನಲ್ಲಿ ಆ ವರ್ಷ ಇಬ್ಬರು ಬಾಯಿಬಿಟ್ಟು ಓದುತ್ತಿದ್ದರು. ಓದುವವಳು ಅಕ್ಕ, ಕೇಳುವವನು ತಮ್ಮ. ಉಳಿದ ಹುಡುಗರು ಮೊದಮೊದಲು ತಲೆಯೆತ್ತಿ ನೋಡಿದರು. ಆಮೇಲೆ ಫ್ಯಾನಿನ ಸದ್ದಿನಂತೆ ಅದೂ ಅವರಿಗೆ ರೂಢಿಯಾಯಿತು.

ತಮ್ಮ ನಮ್ಮ ಕಾಲೇಜಿನಲ್ಲೇ ಬಿ.ಎ. ಮುಗಿಸಿದವನು. ಚಿಕ್ಕಂದಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋಗಿದ್ದವು. ಅಂಧ ಮಕ್ಕಳ ವಸತಿಶಾಲೆಯಲ್ಲಿ ಬೆರಳಿನಿಂದ ಮುಟ್ಟಿ ಓದುವ ಚುಕ್ಕಿಲಿಪಿ ಕಲಿತು, ಇಂಗ್ಲಿಷನ್ನೂ ಚೆನ್ನಾಗಿ ಕಲಿತು ಬಂದಿದ್ದ. ಈಗ ರಾಯಚೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಕೊನೆಯ ವರ್ಷದಲ್ಲಿದ್ದು, ಒಂದು ಕಿರುಪ್ರಬಂಧ ಬರೆಯಬೇಕಾಗಿತ್ತು. ಹಾಸ್ಟೆಲಿನ ಗೆಳೆಯರು ಅಷ್ಟು ದಿನ ಪಾಠಗಳನ್ನು ಓದಿ ಹೇಳಿದ್ದರು. ಪ್ರಬಂಧದ ಹೊತ್ತಿಗೆ ಅವರಿಗೂ ಅವರವರ ಕೆಲಸ ಬಂತು. ಅದಕ್ಕೇ ಅವನು ತನ್ನೂರು ಪಾಮನಕಲ್ಲೂರಿಗೆ ಮರಳಿದ. ಅಲ್ಲಿಂದ ಅಕ್ಕನ ಭುಜ ಹಿಡಿದು ಮಸ್ಕಿಗೆ ಬಂದು, ಬಸ್ಸು ಬದಲಿಸಿ, ಸಿಂಧನೂರಿನ ನನ್ನ ಗ್ರಂಥಾಲಯಕ್ಕೆ ಬರತೊಡಗಿದ.

ಅಕ್ಕ ಏಳನೆಯ ಇಯತ್ತೆ ಓದಿದ್ದಳು. ಇಂಗ್ಲಿಷಿನ ಅಕ್ಷರಗಳು ಗೊತ್ತು, ಭಾಷೆ ಗೊತ್ತಿಲ್ಲ. ಅವಳು ಒಂದೊಂದೇ ಅಕ್ಷರ ಹೇಳುತ್ತ ಹೋಗುತ್ತಿದ್ದಳು. ತಮ್ಮ ಅವನ್ನು ಮನಸ್ಸಿನಲ್ಲಿ ಕೂಡಿಸಿ ಪದ ಮಾಡಿಕೊಂಡು ಗಟ್ಟಿಯಾಗಿ ಹೇಳುತ್ತಿದ್ದ. ಆ ಪದ ಮತ್ತೆ ಬಂದರೆ ಅವಳು ಅಕ್ಷರ ಬಿಡಿಸದೆ ಅವನಂತೆಯೇ ಅಂದುಬಿಡುತ್ತಿದ್ದಳು. ‘ಇರಿಗೇಷನ್’, ‘ವಿಲೇಜ್’, ‘ಸ್ಟಡಿ’ ಎಲ್ಲ ಹೀಗೆ ಅವಳ ಬಾಯಿಗೆ ಬಂದಿದ್ದವು. ಬೇಕೆನಿಸಿದ್ದನ್ನು ಅವನು ದಪ್ಪ ಕಾಗದದ ಮೇಲೆ ಚುಕ್ಕಿಲಿಪಿಯ ಮೊನೆಯಿಂದ ಟಕಟಕ ಚುಚ್ಚಿಕೊಳ್ಳುತ್ತಿದ್ದ.

ಅವಳ ಮದುವೆ ನಿಶ್ಚಯವಾಗಿತ್ತು. ಗಂಡಿನ ಮನೆ ತುರ್ವಿಹಾಳದಲ್ಲಿ, ಕಾಲುವೆ ನೀರಿನ ಊರು. ಜೋಳದ ರಾಶಿ ಮುಗಿದ ಮೇಲೆ ಲಗ್ನ. ಅಷ್ಟರೊಳಗೆ ಓದು ಮುಗಿಯಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಆ ಮೇಜಿನ ಸುತ್ತ ಇದ್ದ ಮೂವರಿಗೂ ಅದು ಗೊತ್ತಿತ್ತು.

ಅವನು ಆರಿಸಿಕೊಂಡಿದ್ದ ವಿಷಯ ಕಾಲುವೆ ಬಂದ ಮೇಲೆ ಹೊರಗಿನಿಂದ ಬಂದು ನೆಲೆಸಿದವರದು. ಸಿಂಧನೂರಿನ ಸುತ್ತ ‘ಕ್ಯಾಂಪು’ ಎಂದು ಕರೆಸಿಕೊಳ್ಳುವ ಊರುಗಳಿವೆ. ಆಂಧ್ರದ ಕಡೆಯಿಂದ ಬಂದ ರೈತರು ಕಟ್ಟಿಕೊಂಡವು. ಅವನ ಮಾರ್ಗದರ್ಶಕರಿಗೆ ವಿಷಯ ಹಿಡಿಸಿತ್ತು, ಒಂದು ಅಳುಕೂ ಇತ್ತು. ಇದರ ಬಗ್ಗೆ ಬೇರೆ ಕಡೆ ಯಾರು ಏನು ಬರೆದಿದ್ದಾರೆ ಎಂಬುದನ್ನು ಮೊದಲು ತೋರಿಸು, ಸಿಗದಿದ್ದರೆ ಪುಸ್ತಕ ಸುಲಭವಾಗಿ ಸಿಗುವ ಬೇರೆ ವಿಷಯ ತಗೋ ಎಂದು ಹೇಳಿ ಕಳಿಸಿದ್ದರು. ಅವರು ಗದರಿಸಿ ಹೇಳಿದ್ದಲ್ಲ. ಕಣ್ಣಿಲ್ಲದ ಹುಡುಗ ಹುಡುಕಾಟದಲ್ಲೇ ವರ್ಷ ಕಳೆದುಕೊಂಡಾನು ಎಂಬ ಕಾಳಜಿ ಅವರದು.

ನಮ್ಮ ಗ್ರಂಥಾಲಯದಲ್ಲಿ ಇದ್ದದ್ದು ಪಠ್ಯಪುಸ್ತಕಗಳು, ಒಂದು ಕಾರ್ಡು ಕಪಾಟು, ಮೂರ್ನಾಲ್ಕು ನಿಯತಕಾಲಿಕೆಗಳು. ಅದರಲ್ಲಿ ವಿಷಯಕ್ಕೆ ಸಂಬಂಧಿಸಿದ ಅಷ್ಟಿಷ್ಟನ್ನು ಅಕ್ಕ ಬೇಗನೆ ಓದಿ ಮುಗಿಸಿದಳು. ಧಾರವಾಡದ ಒಂದು ದೊಡ್ಡ ಗ್ರಂಥಾಲಯಕ್ಕೆ ಕಂಪ್ಯೂಟರಿನಲ್ಲಿ ಲೇಖನ ಹುಡುಕುವ ವ್ಯವಸ್ಥೆ ಬಂದಿದೆ ಎಂದು ನಾನು ಒಂದು ತರಬೇತಿಯಲ್ಲಿ ಕೇಳಿದ್ದೆ. ದೇಶವಿದೇಶದ ಪತ್ರಿಕೆಗಳಲ್ಲಿ ಬಂದ ಲೇಖನಗಳ ಸಾರಾಂಶವೆಲ್ಲ ಸಿ.ಡಿ. ಎಂಬ ಒಂದು ಹೊಳೆಯುವ ತಟ್ಟೆಯಲ್ಲಿ ಇರುತ್ತದಂತೆ, ಪದ ಕೊಟ್ಟರೆ ಆ ಪದವಿರುವ ಲೇಖನಗಳನ್ನು ಎತ್ತಿ ಕೊಡುತ್ತದಂತೆ. ಪ್ರಾಂಶುಪಾಲರಿಂದ ಪತ್ರ ಪಡೆದುಕೊಂಡು ನಾನೊಬ್ಬಳೇ ಹೋಗಿಬಂದೆ.

ಆ ಮೊದಲ ಸಲದ ಹುಡುಕಾಟ ನನಗೇ ಪಾಠವಾಯಿತು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಗಾಜಿನ ಕೋಣೆ, ಒಳಗೆ ಎ.ಸಿ.ಯ ಚಳಿ. ಕಂಪ್ಯೂಟರ್ ನಡೆಸುವ ಯುವಕ ನನ್ನ ಚೀಟಿ ನೋಡಿ ‘ಮೈಗ್ರೇಷನ್’ ಎಂದು ಹೊಡೆದ. ಸಾವಿರಗಟ್ಟಲೆ ಬಂತು. ತೆರೆದು ನೋಡಿದರೆ ಹಕ್ಕಿಗಳ ವಲಸೆ, ಮೀನುಗಳ ವಲಸೆ, ಬೆಳೆ ತಿನ್ನುವ ಹುಳುಗಳ ವಲಸೆ. ಅದು ಕೃಷಿ ಮತ್ತು ಗ್ರಾಮೀಣ ವಿಷಯಗಳ ತಟ್ಟೆ, ಹಾಗಾಗಿ ಎಲ್ಲವೂ ಬರುತ್ತಿತ್ತು. ಪ್ರತಿ ಹುಡುಕಾಟಕ್ಕೂ ಅದು ಒಂದು ನಂಬರು ಕೊಡುತ್ತದೆ. ಎರಡು ನಂಬರುಗಳ ನಡುವೆ ‘ಆ್ಯಂಡ್’ ಹಾಕಿದರೆ ಎರಡೂ ಪದವಿರುವ ಲೇಖನಗಳಷ್ಟೇ ಉಳಿಯುತ್ತವೆ, ‘ಆರ್’ ಹಾಕಿದರೆ ಎರಡರಲ್ಲಿ ಯಾವುದಿದ್ದರೂ ಬರುತ್ತವೆ. ನಾವು ವಲಸೆ, ಕಾಲುವೆ, ಕರ್ನಾಟಕ ಮೂರನ್ನೂ ‘ಆ್ಯಂಡ್’ ಮಾಡಿದೆವು. ಸೊನ್ನೆ ಬಂತು. ಕರ್ನಾಟಕ ತೆಗೆದು ಇಂಡಿಯಾ ಹಾಕಿದೆವು, ಸ್ವಲ್ಪ ಬಂತು. ಅದರಲ್ಲಿ ಒಂದನ್ನು ಪೂರ್ತಿ ತೆರೆದಾಗ, ಕೆಳಗೆ ಸೂಚಿ ಮಾಡಿದವರು ಸೇರಿಸಿದ ವಿಷಯಪದಗಳಲ್ಲಿ ‘ಲ್ಯಾಂಡ್ ಸೆಟ್ಲ್‌ಮೆಂಟ್’ ಎಂದಿತ್ತು. ನಾವು ಕ್ಯಾಂಪಿನವರು ಅನ್ನುವವರನ್ನು ಆ ಸೂಚಿಯವರು ಕರೆಯುವುದು ಹೀಗೆ ಎಂದು ಆಗ ತಿಳಿಯಿತು. ಅದೇ ಪದ ಕೊಟ್ಟು ಮತ್ತೆ ಹುಡುಕಿದರೆ ಪರದೆ ತುಂಬ ಶೀರ್ಷಿಕೆಗಳು.

ಎಲ್ಲವನ್ನೂ ಪ್ರಿಂಟ್ ತೆಗೆಯಲು ಆಗುವುದಿಲ್ಲ, ಕಾಗದ ಮಿತಿಯಲ್ಲಿದೆ, ಬೇಕಾದವನ್ನು ಗುರುತು ಮಾಡಿ ಎಂದ ಆ ಯುವಕ. ಹೊರಗೆ ಬೇರೆಯವರು ಕಾಯುತ್ತಿದ್ದರು. ನಾನು ಕಣ್ಣಾಡಿಸುತ್ತ ಗುರುತು ಮಾಡಿದೆ. ನೀರಾವರಿ, ಜಮೀನು, ನೆಲೆಸಿದವರು ಎಂದಿದ್ದರೆ ಇರಲಿ. ಮನೆತನ, ಮದುವೆ, ಆಹಾರ ಎಂದಿದ್ದರೆ ಬೇಡ. ಅಂಚಿಗೆ ತೂತುಗಳಿದ್ದ ಉದ್ದನೆಯ ಮಡಿಕೆ ಕಾಗದ ಕರಕರ ಸದ್ದು ಮಾಡುತ್ತ ಹೊರಬಂತು. ದೊಡ್ಡ ಕೆಲಸ ಮಾಡಿದ ಸಂತೋಷದಲ್ಲಿ ಬಸ್ಸು ಹತ್ತಿದೆ.

ಅಕ್ಕ ಆ ಕಾಗದವನ್ನು ಎರಡು ವಾರ ಓದಿದಳು. ಪ್ರಿಂಟರಿನ ರಿಬ್ಬನ್ ಸವೆದಿದ್ದರಿಂದ ಅಕ್ಷರಗಳು ಅಲ್ಲಲ್ಲಿ ಮುರಿದಿದ್ದವು. ‘ಇ’ ಅನ್ನಬೇಕಾದಲ್ಲಿ ‘ಸಿ’ ಅನ್ನುತ್ತಿದ್ದಳು. ಕೂಡಿಸಿದ ಪದ ಅರ್ಥವಾಗದೆ ತಮ್ಮ ಇನ್ನೊಮ್ಮೆ ಓದು ಅನ್ನುತ್ತಿದ್ದ. ಆಮೇಲೆ ಇಬ್ಬರೂ ನಗುತ್ತಿದ್ದರು. ಬಿಡುವಿದ್ದಾಗ ನಾನೂ ಓದಿ ಹೇಳುತ್ತಿದ್ದೆ. ನನ್ನ ಓದು ಅವಳದಕ್ಕಿಂತ ಬಹಳ ಬೇಗ ಸಾಗುತ್ತಿತ್ತು. ಆದರೂ ನಾನು ಓದಿದ ಮೇಲೆ ಅವನು ಅದೇ ಪುಟವನ್ನು ಅಕ್ಕನಿಂದ ಇನ್ನೊಮ್ಮೆ ಓದಿಸಿಕೊಳ್ಳುವುದನ್ನು ಗಮನಿಸಿದೆ. ಬೇಸರವೇನೂ ಆಗಲಿಲ್ಲ, ಕುತೂಹಲವಾಯಿತು. ಯಾಕೆಂದು ಕೇಳಿದೆ.

ಅವನು ಸಂಕೋಚಪಟ್ಟುಕೊಂಡ. ನಾನು ಓದುವಾಗ ಕೆಲವು ಸಾಲು ಬಿಡುತ್ತೇನಂತೆ, ಕೆಲವನ್ನು ಒಟ್ಟುಗೂಡಿಸಿ ಕನ್ನಡದಲ್ಲಿ ಹೇಳಿಬಿಡುತ್ತೇನಂತೆ. ನನಗದು ಗೊತ್ತೇ ಇರಲಿಲ್ಲ. ಓದಿದ್ದು ಅರ್ಥವಾಗುವವರು ಎಲ್ಲರೂ ಹಾಗೆ ಮಾಡುತ್ತೇವೆ, ಬೇಡವಾದದ್ದರ ಮೇಲೆ ಜಾರಿ ಮುಂದೆ ಹೋಗುತ್ತೇವೆ. ಅಕ್ಕನಿಗೆ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ಅವಳು ಏನನ್ನೂ ಬಿಡುತ್ತಿರಲಿಲ್ಲ. ಅಡ್ಡಗೆರೆ, ಚುಕ್ಕಿ, ಪುಟದ ನಂಬರು ಸಮೇತ ಅವನಿಗೆ ಒಪ್ಪಿಸುತ್ತಿದ್ದಳು.

ಕಾಗದ ಓದಿ ಮುಗಿದ ದಿನ ಅವನ ಮುಖ ಇಳಿದಿತ್ತು.

“ಏನೂ ಸಿಗಲಿಲ್ಲೇನು?” ಎಂದೆ.

“ಭಾಳ ಸಿಕ್ಕೈತ್ರಿ ಮೇಡಂ. ಆದ್ರ ಇವೆಲ್ಲ ಹೊಲ ಕೊಂಡವರ ಸುದ್ದಿ. ಯಾರು ಬಂದ್ರು, ಎಷ್ಟು ಕೊಂಡ್ರು, ಏನು ಬೆಳದ್ರು. ನನಗ ಬೇಕಾದ್ದು ಇದ್ರಾಗ ಇಲ್ರಿ. ಏನು ಬೇಕು ಅಂತ ಹೇಳಾಕೂ ಬರವಲ್ದು. ಕೇಳಿದ್ರ ಗೊತ್ತಾಗತೈತಿ.” ಸ್ವಲ್ಪ ತಡೆದು ಕೇಳಿದ: “ಅಲ್ಲಿ ನೀವು ಬ್ಯಾಡಂತ ಬಿಟ್ಟು ಬಂದ್ರಲ್ಲ, ಅವು ಏನಿದ್ದವ್ರಿ?”

ನನಗೆ ಒಂದೂ ನೆನಪಿರಲಿಲ್ಲ.

ಆ ರಾತ್ರಿ ಊಟ ಮಾಡುವಾಗ ಅದೇ ಮಾತು ತಲೆಯಲ್ಲಿತ್ತು. ಬೇರೆ ವಿದ್ಯಾರ್ಥಿಗಳು ಕಪಾಟಿನ ಮುಂದೆ ನಿಂತು ಹತ್ತು ಪುಸ್ತಕ ಸರಿಸಿ ಹನ್ನೊಂದನೆಯದನ್ನು ಎತ್ತಿಕೊಳ್ಳುತ್ತಾರೆ. ಸರಿಸಿದ ಹತ್ತೂ ಅವರಿಗೆ ಏನೋ ಹೇಳಿರುತ್ತವೆ. ಇವನ ಕೈಗೆ ಬರುವುದೆಲ್ಲ ಬೇರೆ ಯಾರೋ ಸರಿಸಿ ಉಳಿಸಿದ್ದು. ಪದ ನಾನೇ ಕೊಟ್ಟಿದ್ದೆ, ಗುರುತೂ ನಾನೇ ಮಾಡಿದ್ದೆ. ಅವನ ಪ್ರಬಂಧದ ಅರ್ಧ ದಾರಿಯನ್ನು ನನ್ನ ಕಣ್ಣು ಆಗಲೇ ತೀರ್ಮಾನಿಸಿತ್ತು. ಮತ್ತೆ ಧಾರವಾಡಕ್ಕೆ ಹೋಗಬೇಕು, ಆದರೆ ಈ ಸಲ ಆರಿಸುವವನು ಅವನೇ ಆಗಬೇಕು, ಓದುವವಳು ಅವನ ಅಕ್ಕನೇ ಆಗಬೇಕು ಎಂದು ನಿರ್ಧರಿಸಿದೆ.

ಅದು ಹೇಳಿದಷ್ಟು ಸುಲಭವಿರಲಿಲ್ಲ. ಮದುವೆ ನಿಶ್ಚಯವಾದ ಹುಡುಗಿಯನ್ನು ಪರವೂರಿಗೆ ಕರೆದೊಯ್ಯುವ ಮಾತು. ಪಾಮನಕಲ್ಲೂರಿಗೆ ಹೋಗಿ ಅವರ ತಾಯಿಯನ್ನು ಕಂಡೆ. ಮಳೆಯನ್ನೇ ನಂಬಿದ ಕಪ್ಪು ಹೊಲದ ನಡುವಿನ ಸಣ್ಣ ಮನೆ. ತಾಯಿ ರೊಟ್ಟಿ ತಟ್ಟುತ್ತಿದ್ದವರು ಎದ್ದು ಬಂದು ಕಂಬಳಿ ಹಾಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬೀಗರಿಗೆ ಒಂದು ಮಾತು ತಿಳಿಸದೆ ಆಗುವುದಿಲ್ಲ ಎಂದರು. ಮುಂದಿನ ವಾರ ತುರ್ವಿಹಾಳದಿಂದ ಒಪ್ಪಿಗೆ ಬಂತು. ಗಂಡೇ ಹೇಳಿ ಕಳಿಸಿದ್ದನಂತೆ, ತಮ್ಮನ ಓದಿಗಾಗಿ ಹೋಗುವುದಕ್ಕೆ ಕೇಳುವುದೇನಿದೆ ಎಂದು. ಅದನ್ನು ಹೇಳುವಾಗ ಅಕ್ಕ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸುತ್ತಿದ್ದಳು. ಮುಖದಲ್ಲಿ ಮಾತ್ರ ಸಮಾಧಾನ ಕಾಣುತ್ತಿತ್ತು.

ತಾಯಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಮಡಿಲಲ್ಲಿಟ್ಟುಕೊಂಡು ನಾವು ಮೂವರು ಹೊರಟೆವು. ಬೆಳಗಿನ ಬಸ್ಸು, ಕೊಪ್ಪಳ, ಗದಗ ದಾಟಿ ಧಾರವಾಡ ಸೇರುವ ಹೊತ್ತಿಗೆ ಸಂಜೆ. ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ದಾರಿಯುದ್ದಕ್ಕೂ ಅಕ್ಕ ಕಿಟಕಿಯಾಚೆ ಕಂಡದ್ದನ್ನೆಲ್ಲ ತಮ್ಮನಿಗೆ ಹೇಳುತ್ತಲೇ ಇದ್ದಳು, ಅಂಗಡಿಗಳ ಬೋರ್ಡುಗಳನ್ನೂ ಬಿಡದೆ.

ಗ್ರಂಥಾಲಯದಲ್ಲಿ ಅದೇ ಯುವಕ ಇದ್ದ. ಒಂದು ಯಂತ್ರಕ್ಕೆ ಒಬ್ಬರೇ ಕೂರಬೇಕು, ಮಾತಾಡುವಂತಿಲ್ಲ ಎಂದ. ನಾನು ಪ್ರಾಂಶುಪಾಲರ ಪತ್ರ ತೋರಿಸಿ ಪರಿಸ್ಥಿತಿ ವಿವರಿಸಿದೆ. ಅವನು ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಗಾಜಿನ ಬಾಗಿಲು ಮುಚ್ಚಿಕೊಂಡರೆ ಸದ್ದು ಹೊರಗೆ ಹೋಗುವುದಿಲ್ಲ, ಉಳಿದವರು ಊಟಕ್ಕೆ ಹೋದ ಮೇಲೆ ಕೂರಿ ಎಂದ. ಹಾಗೇ ಕಾದೆವು. ಬರಿಗಾಲಿನಲ್ಲಿ ಆ ತಣ್ಣನೆಯ ಕೋಣೆಗೆ ಕಾಲಿಟ್ಟ ಅಕ್ಕ ಸೆರಗನ್ನು ಎರಡೂ ಭುಜಕ್ಕೆ ಸುತ್ತಿಕೊಂಡಳು.

ಮೊದಲು ಆ ಯುವಕನೇ ಓದಲು ಮುಂದಾದ, ಬೇಗ ಮುಗಿಯಲಿ ಎಂದು. ಅವನ ಇಂಗ್ಲಿಷ್ ಚೆನ್ನಾಗಿತ್ತು, ಆದರೆ ವೇಗ. ಎರಡು ಶೀರ್ಷಿಕೆ ಕೇಳಿದ ಮೇಲೆ ತಮ್ಮ ಕೈಮುಗಿದು, ಅಕ್ಕ ಓದಲಿ ಎಂದು ಕೇಳಿಕೊಂಡ. ಅಕ್ಕ ಪರದೆಗೆ ಮುಖ ಹತ್ತಿರ ತಂದು ಶುರುಮಾಡಿದಳು. ಎಂ, ಐ, ಜಿ, ಆರ್. ಯುವಕ ಒಮ್ಮೆ ನನ್ನ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಅವಳು ಒಂದು ಪರದೆ ಮುಗಿಸಿ ತಲೆಯಾಡಿಸಿದರೆ ಮುಂದಿನದನ್ನು ತಂದು ಕೊಡತೊಡಗಿದ.

ಹಕ್ಕಿಗಳು ಬಂದವು, ಮೀನುಗಳು ಬಂದವು. ತಮ್ಮ ಒಂದಕ್ಕೂ ಸಾಕು ಅನ್ನಲಿಲ್ಲ. ಮೀನುಗಳ ಒಂದು ಶೀರ್ಷಿಕೆಗೆ ಅವನು ನಕ್ಕು, ಇವೂ ನೀರಿನ ಹಿಂದೆಯೇ ಹೋಗುತ್ತವಲ್ಲ ಎಂದ. ಕೆಲವೊಮ್ಮೆ ಅದೇ ಶೀರ್ಷಿಕೆ ಇನ್ನೊಮ್ಮೆ ಓದಿಸಿ ಏನೋ ಚುಚ್ಚಿಕೊಂಡ. ನನಗೆ ಬೇಕಿಲ್ಲ ಎನಿಸಿದ ಕಡೆಯೇ ಅವನ ಮೊನೆ ಹೆಚ್ಚು ಓಡುತ್ತಿತ್ತು.

ಊಟದ ಹೊತ್ತು ಮುಗಿಯುತ್ತ ಬಂದಿತ್ತು. ಅಕ್ಕ ಓದುತ್ತಿದ್ದವಳು ಒಂದು ಕಡೆ ನಿಂತಳು.

“ತಮ್ಮಾ, ಈ ಶಬ್ದ ನನಗ ಗೊತ್ತೈತಿ. ಮ್ಯಾರೇಜ್.”

“ನಿನಗ ಹ್ಯಾಂಗ ಗೊತ್ತು?”

“ಮದುವಿ ಕಾರ್ಡಿನ ಲಕೋಟಿ ಮ್ಯಾಲ ಐತಲ್ಲ. ಪ್ರೆಸ್ಸಿನವ್ರು ತೋರಿಸಿದ್ರು.”

ಅದು ನಾನು ಮೊದಲ ಸಲ ದಾಟಿ ಹೋಗಿದ್ದ ಸಾಲುಗಳಲ್ಲಿ ಒಂದಿರಬೇಕು. ತಮ್ಮ ಮೊನೆಯನ್ನು ಕೆಳಗಿಟ್ಟ.

“ಅದರ ಹಿಂದ ಮುಂದ ಏನೈತಿ, ಎಲ್ಲಾ ಓದು.”

ಅವಳು ಓದಿದಳು. ಸಾರಾಂಶವನ್ನೂ ತೆರೆಸಿ ಓದಿಸಿದ. ದೇಶದ ಬೇರೊಂದು ಭಾಗದಲ್ಲಿ, ಒಣ ಊರುಗಳಿಂದ ನೀರಿನ ಊರುಗಳಿಗೆ ಮದುವೆಯಾಗಿ ಹೋಗುವ ಹೆಣ್ಣುಮಕ್ಕಳ ವಿಷಯ. ಅವಳು ಅಕ್ಷರ ಬಿಡಿಸುತ್ತಿದ್ದಳು, ಅವನು ಕೂಡಿಸುತ್ತಿದ್ದ. ಮುಗಿದ ಮೇಲೆ ಅವನು ನಾನಿದ್ದ ಕಡೆ ಮುಖ ತಿರುಗಿಸಿದ.

“ಮೇಡಂ, ಊರು ಬಿಟ್ಟು ಹೊಂಟಾಕಿ ನನ್ನ ಬಾಜೂಕ ಕುಂತಾಳ. ನಾ ಕ್ಯಾಂಪಿನವರನ್ನ ಹುಡುಕಾಕತ್ತೀನಿ.”

ಅಕ್ಕನಿಗೆ ಅರ್ಥವಾಗಲಿಲ್ಲ. ಅವಳು ತಪ್ಪು ಓದಿದೆನೇನೋ ಎಂದು ಪರದೆಯ ಕಡೆಗೇ ನೋಡುತ್ತಿದ್ದಳು.

ಆಗ ಆ ಯುವಕ, ಯಾರೂ ಹೇಳದೆ, ಹೊಸ ಹುಡುಕಾಟ ತೆರೆದು ಪದ ಹೇಳು ಎಂದ. ಪದಗಳನ್ನು ಈ ಸಲ ತಮ್ಮನೇ ಹೇಳಿದ. ಮದುವೆ ‘ಆ್ಯಂಡ್’ ವಲಸೆ ‘ಆ್ಯಂಡ್’ ಗ್ರಾಮ. ಬಂದದ್ದು ಕಡಿಮೆ. ‘ವುಮನ್’ ಅಂದರೆ ಒಬ್ಬಳು, ‘ವಿಮೆನ್’ ಅಂದರೆ ಹಲವರು, ಯಂತ್ರಕ್ಕೆ ಅವೆರಡೂ ಬೇರೆ ಬೇರೆ ಪದ ಎಂದು ಯುವಕ ವಿವರಿಸಿದ. ಎರಡನ್ನೂ ‘ಆರ್’ ಹಾಕಿ ಕೂಡಿಸಿದ ಮೇಲೆ ಇನ್ನಷ್ಟು ಬಂದವು. ಕಾಯುವವರು ಊಟ ಮುಗಿಸಿ ಬಂದು ಗಾಜಿನಾಚೆ ನಿಂತರು. ಯುವಕ ಹೊರಗೆ ಹೋಗಿ ಅವರಿಗೆ ಏನೋ ಹೇಳಿದ, ಅವರು ಬೆಂಚಿನ ಮೇಲೆ ಕೂತರು. ಗುರುತು ಮಾಡಿದ್ದೆಲ್ಲ ತಮ್ಮನೇ. ಆ ಯುವಕ ಪ್ರಿಂಟರಿಗೆ ಹೊಸ ರಿಬ್ಬನ್ ಹಾಕಿ ಕೊಟ್ಟದ್ದನ್ನು ನಾನು ಆಮೇಲೆ ಗಮನಿಸಿದೆ. ಅಕ್ಷರಗಳು ಅಚ್ಚಗಪ್ಪಾಗಿ ಮೂಡಿದ್ದವು.

ಮದುವೆಯಾಗಿ ಊರು ಬಿಡುವ ಹೆಣ್ಣುಮಕ್ಕಳು ಎಂಬ ಹೊಸ ವಿಷಯಕ್ಕೆ ಮಾರ್ಗದರ್ಶಕರು ಒಪ್ಪಿದರು. ಅವನು ಹೋಗಿಬರಲು ಸಾಧ್ಯವಾಗುವ ಊರುಗಳಲ್ಲೇ ಕೆಲಸ ಇಟ್ಟುಕೊಳ್ಳಬೇಕೆಂಬ ಒಂದೇ ಮಾತು ಹೇಳಿದರಂತೆ. ಆದರೆ ಕೈಯಲ್ಲಿದ್ದದ್ದು ಸಾರಾಂಶಗಳು. ಪೂರ್ತಿ ಲೇಖನಗಳ ಜೆರಾಕ್ಸ್ ಪ್ರತಿಗಳನ್ನು ಬೇರೆ ಬೇರೆ ಊರಿನ ಗ್ರಂಥಾಲಯಗಳಿಂದ ಅಂಚೆಯಲ್ಲಿ ತರಿಸಬೇಕು. ನಾನು ಕೋರಿಕೆ ಬರೆದು ಕಳಿಸಿದೆ. ಒಂದು ಕಡೆಯಿಂದ, ಆ ಸಂಚಿಕೆ ಬೈಂಡಿಂಗಿಗೆ ಹೋಗಿದೆ ಎಂದು ಬಂತು. ಇನ್ನೊಂದು ಕಡೆಯಿಂದ ಬೇರೆಯೇ ಲೇಖನ ಬಂತು. ರಾಶಿ ಮುಗಿಯಿತು, ಲಗ್ನವೂ ಆಯಿತು. ನಾನೂ ಹೋಗಿ ಅಕ್ಕಿಕಾಳು ಹಾಕಿ ಬಂದೆ. ತಮ್ಮ ಎಲ್ಲರೊಡನೆ ನಗುನಗುತ್ತ ಓಡಾಡುತ್ತಿದ್ದ. ಅಕ್ಕ ಗಾಡಿ ಹತ್ತುವ ಹೊತ್ತಿಗೆ ಮಾತ್ರ ಅವನು ಎಲ್ಲೂ ಕಾಣಲಿಲ್ಲ. ಹಿತ್ತಲ ಗೋಡೆಗೆ ಆನಿಕೊಂಡು ನಿಂತಿದ್ದನೆಂದು ಅವರ ತಾಯಿ ಹೇಳಿದರು.

ಬೇಕಾಗಿದ್ದ ಲೇಖನ ಬಂದದ್ದು ಆಮೇಲೆ. ತಮ್ಮನಿಗೆ ಸುದ್ದಿ ಮುಟ್ಟಿಸಿದೆ. ಅವನು ಓಣಿಯ ಪರಿಚಿತರೊಬ್ಬರ ಜೊತೆ ಬಂದ, ನಾನೇ ಓದಲು ಕೂತೆ. ಬಿಡದೆ ಓದಬೇಕೆಂದು ಬೆರಳಿಟ್ಟುಕೊಂಡು ಓದಿದೆ. ಆದರೂ ಕೌಂಟರಿನಲ್ಲಿ ಯಾರಾದರೂ ಬಂದರೆ ಏಳಬೇಕಾಗುತ್ತಿತ್ತು, ಮರಳಿ ಬಂದಾಗ ಸಾಲು ತಪ್ಪಿರುತ್ತಿತ್ತು. ಎರಡು ಪುಟ ದಾಟಲು ಒಂದು ಮಧ್ಯಾಹ್ನ ಹೋಯಿತು. ಅವನು ಒಮ್ಮೆಯೂ ಬೇಸರ ತೋರಿಸಲಿಲ್ಲ, ಅದೇ ನನಗೆ ಕಷ್ಟವಾಗಿದ್ದು.

ನಾನು ತುರ್ವಿಹಾಳಕ್ಕೆ ಏನೂ ಹೇಳಿ ಕಳಿಸಿರಲಿಲ್ಲ. ಹೊಸ ಮನೆಗೆ ಹೋದ ಹುಡುಗಿಯನ್ನು ಕರೆಸುವುದು ಹೇಗೆ? ಆದರೆ ಮುಂದಿನ ವಾರ ಅವಳೇ ಬಾಗಿಲಲ್ಲಿ ನಿಂತಿದ್ದಳು. ತಾಯಿಯಿಂದ ವಿಷಯ ತಿಳಿದಿತ್ತಂತೆ. ಗಂಡ ಗೊಬ್ಬರ ತರಲು ಸಿಂಧನೂರಿಗೆ ಬಂದಿದ್ದ, ಅವನ ಜೊತೆ ಬಸ್ಸಿನಲ್ಲಿ ಬಂದು ಇಲ್ಲಿ ಇಳಿದಿದ್ದಳು. ಹಸಿರು ಬಳೆ, ಹೊಸ ಸೀರೆ. ತಮ್ಮ ತಟ್ಟನೆ ತಲೆಯೆತ್ತಿದ. ಗೊತ್ತಾದದ್ದು ಬಳೆಯಿಂದಲೋ ಹೆಜ್ಜೆಯಿಂದಲೋ ನನಗೆ ತಿಳಿಯದು, ಅವನು ಆಗಲೇ ಪಕ್ಕದ ಕುರ್ಚಿ ಸರಿಸಿದ್ದ.

ಅಂದಿನಿಂದ ಗೊಬ್ಬರ, ಎಣ್ಣೆ, ಕಿರಾಣಿ ಎಂದು ಆ ಮನೆಯವರು ಸಿಂಧನೂರಿಗೆ ಬಂದಾಗಲೆಲ್ಲ ಅವಳೂ ಬಂದಳು. ಅವನು ಪಾಮನಕಲ್ಲೂರಿನಿಂದ, ಅವಳು ತುರ್ವಿಹಾಳದಿಂದ. ಲೇಖನ ಮುಗಿಯಿತು. ಮುಗಿದ ದಿನ ಅವಳು ಕಾಗದಗಳನ್ನು ಮಡಿಚಿಟ್ಟು ಕೇಳಿದಳು:

“ಇಷ್ಟು ದಿನ ನಾ ಓದಿದ್ದು ಏನು? ಒಮ್ಮೆ ನನಗೂ ಹೇಳು.”

ಅವನು ಹೇಳಿದ. ಶುರುವಿನಿಂದ, ನಿಧಾನವಾಗಿ, ನಮ್ಮ ಕಡೆಯ ಮಾತಿನಲ್ಲಿ. ಬೇರೆ ಊರಿಗೆ ಹೋದವರು ಗದ್ದೆಗೆ ನೀರು ಹಾಯಿಸುವುದನ್ನು, ಕೆಸರಿನಲ್ಲಿ ನಾಟಿ ಹಚ್ಚುವುದನ್ನು ಯಾರಿಂದ ಕಲಿಯುತ್ತಾರೆ, ತವರಿಗೆ ಯಾವಾಗ ಬರುತ್ತಾರೆ, ಬಂದಾಗ ಏನು ತರುತ್ತಾರೆ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ನಡುವೆ ಒಂದೆರಡು ಸಲ ನಕ್ಕಳು. ತಾನೂ ಹೋದ ಹೊಸತರಲ್ಲಿ ಕೆಸರಿನಲ್ಲಿ ಕಾಲು ಕೀಳಲಾರದೆ ನಿಂತದ್ದನ್ನು, ಓರಗಿತ್ತಿ ಕೈಹಿಡಿದು ಎಳೆದದ್ದನ್ನು ಹೇಳಿದಳು. ತಮ್ಮನಿಗೆ ಅವಳು ಅದುವರೆಗೆ ಅದನ್ನು ಹೇಳಿರಲಿಲ್ಲ.

ಅವನು ಹೊಸ ಕಾಗದ ಹಚ್ಚಿದ. ಮೊದಲ ಸಂದರ್ಶನ ನಿನ್ನದೇ ಆಗಲಿ ಎಂದು ಪದ್ಧತಿಯಂತೆ ಹೆಸರು ಕೇಳಿದ. ಅವಳು ನಕ್ಕು ಹೇಳಿದಳು. ವಯಸ್ಸು ಕೇಳಿದ, ಹೇಳಿದಳು.

“ಊರು?”

ಅವಳು ತಡೆದಳು. ನಗು ನಿಂತಿತು. ಹೊರಗೆ ಸೈಕಲ್ ಸ್ಟ್ಯಾಂಡಿನ ಕಡೆ ನೋಡಿದಳು, ಆಮೇಲೆ ತಮ್ಮನ ಕೈಯಲ್ಲಿದ್ದ ಮೊನೆಯನ್ನು.

“ಯಾವ ಊರು ಬರಕೊಂತಿ?”

“ನೀ ಯಾವುದು ಹೇಳ್ತಿ, ಅದು.”

“ಪಾಮನಕಲ್ಲೂರು,” ಅಂದಳು. ಅವನು ಚುಚ್ಚತೊಡಗಿದ. ಅವನ ಕೈ ಸಾಲಿನ ಕೊನೆ ಮುಟ್ಟುವ ಮೊದಲೇ ಅವಳು ಅದರ ಮೇಲೆ ತನ್ನ ಕೈಯಿಟ್ಟಳು. “ತುರ್ವಿಹಾಳನೂ ಬರಿ. ಎರಡೂ ನನ್ನವ.”

ಅವನು ಕೆಳಗೆ ಇನ್ನೊಂದು ಸಾಲು ಚುಚ್ಚಿದ. ಆಮೇಲೆ ಆ ಬೇಸಿಗೆಯಲ್ಲಿ ಅವನು ಸುತ್ತಲ ಊರುಗಳ ಹಲವು ಹೆಂಗಸರನ್ನು ಮಾತಾಡಿಸಿದ. ಪ್ರಬಂಧ ಒಪ್ಪಿತವಾಯಿತು, ಅವನು ತೇರ್ಗಡೆಯಾದ. ಬೆರಳಚ್ಚಾದ ಪ್ರತಿಯೊಂದನ್ನು ನಮ್ಮ ಗ್ರಂಥಾಲಯಕ್ಕೆ ತಂದುಕೊಟ್ಟಾಗ ಕೊನೆಯಲ್ಲಿದ್ದ ಪ್ರಶ್ನಾವಳಿಯನ್ನು ನಾನು ಒಂದಕ್ಷರ ಬಿಡದೆ ಓದಿದೆ. ಹೆಸರಿಗೆ ಒಂದು ಸಾಲು, ವಯಸ್ಸಿಗೆ ಒಂದು ಸಾಲು. ಊರು ಎಂದಿದ್ದಲ್ಲಿ ಅವನು ಎರಡು ಸಾಲು ಬಿಟ್ಟಿದ್ದ.